ಹನ್ನೊಂದು ದಿನದ ನೀರು

ಅವ್ವಾ,

ನಿನ್ನ ಗೌರಿ ಬರೆಯುತ್ತಿದ್ದೇನೆ, ಸಿರಾದಿಂದ. ಬದುಕಿದ್ದಾಗ ನಿನಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆಗ ಕಾಗದ ಹಾಕಿದ್ದರೆ ಅಣ್ಣನೇ ಓದಿ ಹೇಳಬೇಕಿತ್ತು, ಅವನೋ ಅರ್ಧ ನುಂಗಿ ಅರ್ಧ ಹೇಳುತ್ತಿದ್ದ. ಈಗ ಆ ತಾಪತ್ರಯವಿಲ್ಲ. ನೀನಿರುವ ಕಡೆ ಅಕ್ಷರ ಗೊತ್ತಿರಬೇಕೆಂಬ ಕಾನೂನು ಇರಲಾರದು ಎಂದುಕೊಂಡು ಬರೆಯುತ್ತಿದ್ದೇನೆ. ನೆಟ್ಟಗೆ ಕೂತು ಬರೆಯಲು ಮಾತ್ರ ಆಗುತ್ತಿಲ್ಲ. ನಾಲ್ಕು ಸಾಲಿಗೊಮ್ಮೆ ಏಳುತ್ತೇನೆ, ಬಾಗಿಲಿಗೆ ಹೋಗುತ್ತೇನೆ, ಬಂದು ಮತ್ತೆ ಕೂರುತ್ತೇನೆ. "ಕಾಲು ಸುಟ್ಟ ಬೆಕ್ಕಿನಂಗೆ ತಿರುಗ್ತೀಯಲ್ಲೇ, ಒಂದ್ಕಡೆ ಕುಂತ್ಕಳೇ" ಎಂದು ಬಯ್ಯುತ್ತಿದ್ದೆಯಲ್ಲ, ಆ ಬೆಕ್ಕು ಇನ್ನೂ ಕೂತಿಲ್ಲ.

ನೆನಪಿದೆಯಾ, ನಾನು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿತು ಮಧುಗಿರಿಗೆ ಮರಳಿದ ದಿನ? ನೀನು ಕೋಟೆ ಬೀದಿಯ ಮನೆಯ ಜಗಲಿಯ ಮೇಲೆ ಕೂತು ಹರಳು ಬಿಡಿಸುತ್ತಿದ್ದೆ. ಮುದ್ರೆ ಒತ್ತಿದ ಸರ್ಟಿಫಿಕೇಟನ್ನು ನಿನ್ನ ಮುಂದೆ ಹಿಡಿದೆ. ಆ ಬೀದಿಯ ಕೂಸುಗಳನ್ನೆಲ್ಲ ಮೊದಲು ಕೈಗೆತ್ತಿಕೊಂಡ ಸೂಲಗಿತ್ತಿ ನೀನು. ಸೆರಗಿಗೆ ಕೈ ಒರೆಸಿಕೊಂಡು ಮುದ್ರೆಯನ್ನು ಮುಟ್ಟಿ ನೋಡಿದೆ. ಆಮೇಲೆ ಕೇಳಿದ್ದು ಒಂದೇ ಮಾತು, "ನೀರು ಹಾಕದು ಕಲ್ಸವ್ರಾ?"

ನಾನು ನಕ್ಕುಬಿಟ್ಟೆ. ಹೆರಿಗೆಯಾದ ಮೇಲೆ ಹನ್ನೊಂದು ದಿನ ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಬೆನ್ನಿಗೆ ನಡುವಿಗೆ ಹೊಯ್ದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವುದನ್ನು ಯಾವ ಆಸ್ಪತ್ರೆಯವರು ಕಲಿಸುತ್ತಾರೆ? "ಅದು ಆಯಾ ಕೆಲಸ ಕಣವ್ವ, ನಾವು ಹೆರಿಗೆ ಮಾಡಿಸೋರು" ಎಂದೆ. ನೀನು ಮೊರ ಎತ್ತಿಕೊಂಡು ಒಳಗೆ ಹೋದೆ. ನೋಯಿಸಬೇಕೆಂದು ಅಂದದ್ದಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಲಾ? ನೋಯಿಸಬೇಕೆಂದೇ ಅಂದದ್ದು. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಬಂದವಳು, ಅಣ್ಣನ ಮನೆಯಲ್ಲಿ ಉಂಡ ತಟ್ಟೆಯನ್ನು ಎಲ್ಲರಿಗಿಂತ ಮೊದಲು ಎದ್ದು ತೊಳೆಯುತ್ತಿದ್ದವಳು ನಾನು. ಮೊದಲ ಸಲ ನನ್ನ ಕೈಯಲ್ಲಿ ಯಾರ ಹತ್ತಿರವೂ ಇಲ್ಲದ್ದೊಂದು ಇತ್ತು. ನಿನ್ನ ಹತ್ತಿರವೂ ಇಲ್ಲದ್ದು.

ಮಧುಗಿರಿಯಲ್ಲಿ ನಿಲ್ಲಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ನೀನಿರುವ ಊರಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ ಎಂಬ ಹೆದರಿಕೆಯನ್ನು ಮಾತ್ರ ಹೇಳಲಿಲ್ಲ. ಅಣ್ಣ ಪೆಟ್ಟಿಗೆಯನ್ನು ಬಸ್ಸಿಗೆ ಹಾಕುತ್ತ ಏನಂದ ಗೊತ್ತಾ? "ಯುಗಾದಿಗಂಟ ನೋಡ್ತೀನಿ ಕಣಮ್ಮ. ಆಗ್ನಿಲ್ಲ ಅಂದ್ರೆ ಬಂದ್ಬುಡು. ನಿಮ್ಮತ್ತಿಗೆಗೂ ಒಂದು ಕೈ ಆಯ್ತದೆ." ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಆ 'ಒಂದು ಕೈ' ನನ್ನ ಕಿವಿಯಿಂದ ಹೋಗಲೇ ಇಲ್ಲ. ಯುಗಾದಿಯೊಳಗೆ ಸಿರಾದ ಜನ ನನ್ನನ್ನು ಕರೆಯಬೇಕು, ಇಲ್ಲದಿದ್ದರೆ ಸಾಯುವತನಕ ನಾನು ಅತ್ತಿಗೆಯ ಅಡಿಗೆಮನೆಯ ಇನ್ನೊಂದು ಕೈ.

ಸಿರಾದಲ್ಲಿ ಜೈನಾಬಿ ಎಂಬ ಮುದುಕಿಯ ಮನೆಯ ಮುಂಗೋಣೆ ಬಾಡಿಗೆಗೆ ಹಿಡಿದೆ. ಇಳಿದ ಮಾರನೆಯ ದಿನವೇ ಬೋರ್ಡು ಬರೆಸಿದೆ, ಹಸಿರು ಹಲಗೆಗೆ ಬಿಳಿ ಅಕ್ಷರ, 'ಸರ್ಟಿಫಿಕೇಟು ಪಡೆದ ಸೂಲಗಿತ್ತಿ' ಎಂದು. ಜೈನಾಬಿ ಬೀದಿಗೆ ಇಳಿದು, ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದಳು. "ಖೂಬ್ ಐತೆ ಬೇಟಿ. ಆದ್ರೆ ಇದ್ನ ಓದೋರ್ಯಾರು? ಬಸುರಿ ಆಗೋರು ಹೆಂಗಸ್ರು, ಬೀದೀಲಿ ನಿಂತು ಓದೋರು ಗಂಡಸ್ರು." ಈ ಮುದುಕಿಗೇನು ಗೊತ್ತು ಎಂದು ಬಾಗಿಲು ಹಾಕಿಕೊಂಡೆ. ಅವಳ ಮಾತನ್ನು ಆವತ್ತೇ ಕೇಳಿದ್ದರೆ...

ಒಂದು ತಿಂಗಳು ಕಾದೆ. ಕತ್ತರಿ ಕುದಿಸುವುದು, ಒರೆಸುವುದು, ಚೀಲದಲ್ಲಿ ಜೋಡಿಸುವುದು, ಮತ್ತೆ ತೆಗೆಯುವುದು. ಎದುರು ಮನೆಯಲ್ಲಿ ಒಬ್ಬರು ಪಂಡಿತರಿದ್ದರು, ನನ್ನ ಹಾಗೆ ಹೊಸದಾಗಿ ಅಂಗಡಿ ಇಟ್ಟವರು. ಅವರು ಕಷಾಯದ ಶೀಷೆ ಒರೆಸುತ್ತಿದ್ದರು, ನಾನು ಕತ್ತರಿ. ಒಬ್ಬರ ಮುಖ ಒಬ್ಬರು ನೋಡಿ ಬೇಸತ್ತಿದ್ದೆವು. ಒಂದು ದಿನ ಅವರೇ ಬಂದರು. "ನೋಡಮ್ಮ, ಜನಕ್ಕೆ ಗೊತ್ತಾಗಬೇಕು. ಗೊತ್ತಾಗದೆ ಯಾರು ಬರ್ತಾರೆ? ತುಮಕೂರಿನಲ್ಲಿ ಕರಪತ್ರ ಅಚ್ಚು ಹಾಕಿಸೋಣ, ಸಂತೇಲಿ ಹಂಚೋಣ" ಎಂದರು. ಯುದ್ಧದ ಕಾಲ, ಕಾಗದಕ್ಕೆ ಬರ. ಒಂದೇ ಹಾಳೆಯಲ್ಲಿ ಇಬ್ಬರದೂ ಆಗಲಿ ಎಂದು ನಾನೇ ಜಾಣತನ ತೋರಿಸಿದೆ. ಮುಂದಿನ ಪುಟದಲ್ಲಿ ಅವರ ಮೂಲವ್ಯಾಧಿಯ ಎಣ್ಣೆ, ಹಿಂದಿನ ಪುಟದಲ್ಲಿ ನನ್ನ ಹೆರಿಗೆ.

ಸಂತೆಯ ದಿನ ನೀನು ಇರಬೇಕಿತ್ತು. ಬರಗೂರಿನ ಕಡೆಯಿಂದ ಬಂದಿದ್ದ ರೈತನೊಬ್ಬ ಹಾಳೆಯನ್ನು ಈ ಕಡೆ ಓದಿದ, ತಿರುಗಿಸಿ ಆ ಕಡೆ ಓದಿದ. ಸುತ್ತ ನಾಲ್ಕು ಜನ ಸೇರಿದ ಮೇಲೆ, "ಪಂಡಿತ್ರೇ, ಎಣ್ಣೆ ಯಾವುದುಕ್ಕೆ, ಕತ್ರಿ ಯಾವುದುಕ್ಕೆ? ಮೊದ್ಲು ಸರ್ಯಾಗಿ ಹೇಳ್ಬುಡಿ" ಎಂದ. ಇಡೀ ಸಂತೆ ನಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕಡ್ಲೆಪುರಿಯವನು ನಮ್ಮ ಹಾಳೆಯಲ್ಲೇ ಪೊಟ್ಟಣ ಕಟ್ಟುತ್ತಿದ್ದ. ನಾನೂ ಒಂದು ಪೊಟ್ಟಣ ಕೊಂಡೆ, ಹೊಟ್ಟೆ ಹಸಿದಿತ್ತು. ಈಗ ನಗು ಬರುತ್ತದೆ. ಆವತ್ತು ಕೋಣೆಗೆ ಬಂದು ಗೋಡೆಗೆ ತಲೆಯಿಟ್ಟು ಅತ್ತೆ.

ಅದಾದ ನಾಲ್ಕನೆಯ ದಿನ ನಡುಮಧ್ಯಾಹ್ನ ಒಬ್ಬ ಆಳು ಬೆವರೊರೆಸಿಕೊಂಡು ಬಂದು ನಿಂತ. "ದಿನಸಿ ಅಂಗ್ಡಿ ಚೆನ್ನಬಸಮ್ಮಾರು ಕರೀತಾವ್ರೆ, ಬಿರ್ನೆ ಬರ್ಬೇಕಂತೆ." ಸಡಗರದಲ್ಲಿ ಚೀಲ ಬಿಟ್ಟು ಹೊರಟು ಮತ್ತೆ ಒಳಗೆ ಓಡಿದೆ. ಬೋರ್ಡಿನ ಮುಂದೆ ಹಾಯುವಾಗ ಅದಕ್ಕೊಂದು ನೋಟ ಹಾಕಿದೆ, ಕೊನೆಗೂ ಕೆಲಸ ಮಾಡಿದೆಯಲ್ಲ ಎಂದು. ಚೆನ್ನಬಸಮ್ಮ ಸಿರಾದಲ್ಲಿ ದೊಡ್ಡ ಮನೆಯ ಹೆಂಗಸು, ಶಿವಭಕ್ತೆ, ಹಣೆಯ ತುಂಬ ವಿಭೂತಿ, ಬಾಯಿ ಬಲು ಜೋರು. ಪಾವಗಡಕ್ಕೆ ಕೊಟ್ಟಿದ್ದ ಅವಳ ಹಿರಿಯ ಮಗಳು ಚೊಚ್ಚಲಿಗೆ ತವರಿಗೆ ಬಂದಿದ್ದಳು. ಕೂಸು ಕಾಲು ಮುಂದಾಗಿತ್ತು. ಅವ್ವಾ, ನಾನು ಕಲಿತದ್ದೆಲ್ಲ ಆ ಮಧ್ಯಾಹ್ನ ನನ್ನ ಬೆರಳಿಗೆ ಬಂತು. ಗಂಡು ಕೂಸು, ಮೊದಲು ನೀಲಿಯಾಗಿದ್ದದ್ದು ಆಮೇಲೆ ಕೆಂಪಾಗಿ ಕಿರುಚಿತು. ಕೈ ತೊಳೆದುಕೊಂಡು ಹೊರಡುವಾಗ ಚೆನ್ನಬಸಮ್ಮ, "ನೀರಿನ್ ಕೆಲ್ಸ?" ಎಂದಳು. "ಅದು ನನ್ನ ಕೆಲಸ ಅಲ್ಲ" ಎಂದೆ. ಅವಳು, "ಅದುಕ್ಕೆ ಜನ ಬರ್ತೈತೆ ಬುಡು" ಎಂದಳು. ಆ ಮಾತಿನ ಒಳಗೇನಿತ್ತೆಂದು ನನಗೆ ಹೊಳೆಯಲಿಲ್ಲ.

ಇನ್ನು ಜನ ಸಾಲುಗಟ್ಟುತ್ತಾರೆ ಎಂದುಕೊಂಡೆ. ಮೂರನೆಯ ದಿನ ಮಧುಗಿರಿ ಬಸ್ಸಿನ ಕಂಡಕ್ಟರು ಬಾಗಿಲಿಗೆ ಬಂದ. "ನಿಮ್ಮವ್ವಂಗೆ ಮೈಯಾಗೆ ಹುಷಾರಿಲ್ವಂತೆ. ಒಂದ್ಸಲ ಬಂದೋಗ್ಬೇಕಂತೆ." ನಾನು ಏನು ಮಾಡಿದೆ ಹೇಳಲಾ? ಇವತ್ತೊಂದು ದಿನ ನೋಡಿ ಹೋಗೋಣ ಎಂದೆ. ದೊಡ್ಡ ಮನೆಯ ಹೆರಿಗೆಯಾಗಿದೆ, ಸುದ್ದಿ ಹಬ್ಬುವ ಹೊತ್ತು, ಬಾಗಿಲು ಹಾಕಿದ್ದರೆ ಬಂದವರು ತಿರುಗಿ ಹೋಗುತ್ತಾರೆ. ಮಾರನೆಯ ದಿನವೂ ಅದನ್ನೇ ಅಂದುಕೊಂಡೆ. ಎರಡು ದಿನ ಹೊಸ್ತಿಲ ಮೇಲೆ ಕೂತಿದ್ದೆ. ಒಂದು ನರಪಿಳ್ಳೆ ಬರಲಿಲ್ಲ. ನಿನಗಿಂತ ಆ ಬೋರ್ಡು ನನಗೆ ದೊಡ್ಡದಾಯಿತು. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇದ್ದಿಲ ಗ್ಯಾಸಿನ ಬಸ್ಸು ದಾರಿಯಲ್ಲಿ ಎರಡು ಸಲ ನಿಂತು ಹೊಗೆ ಕಾರಿಕೊಂಡು ಮಧುಗಿರಿ ಮುಟ್ಟುವಷ್ಟರಲ್ಲಿ ನೀನು ಹೋಗಿಬಿಟ್ಟಿದ್ದೆ. ನಮ್ಮ ಅಂಗಳಕ್ಕೆ ಕಾಲಿಡಲು ಜಾಗವಿರಲಿಲ್ಲ. ಎಲ್ಲ ಹೆಂಗಸರೇ. ನಿನ್ನನ್ನು ಹಲಗೆಯ ಮೇಲೆ ಕೂರಿಸಿ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಮನೆಯವರು ನಾಲ್ಕು ಬಿಂದಿಗೆ ಹೊಯ್ದು ಮುಗಿಸುವ ಸ್ನಾನ ಅದು. ಆದರೆ ಹೆಂಗಸರು ಬಿಡಲಿಲ್ಲ. "ನಂಗೆ ಮೂರು ಬಾಣಂತನಕ್ಕೆ ನೀರು ಹಾಕವ್ಳೆ, ನಾನೂ ಒಂದು ಚೊಂಬು ಹಾಕ್ತೀನಿ." "ಬುಡ್ರೇ, ನನ್ ಕೂಸ್ನ ಉಳಿಸ್ದೋಳು, ನಂಗೊಂದು ಜಾಗ ಬುಡ್ರೇ." ಮುದುಕಿಯರು, ತಾಯಿಯರು, ಇನ್ನೂ ಕಿವಿಗೆ ಬಟ್ಟೆ ಕಟ್ಟಿಕೊಂಡ ಹಸಿ ಬಾಣಂತಿಯೊಬ್ಬಳು. ಅಂಗಳವೆಲ್ಲ ಕೆಸರಾಯಿತು. ಯಾರೋ ನನ್ನನ್ನು ಗುರುತಿಸಿ, "ಮಗಳು ಕಣ್ರೇ, ದಾರಿ ಬುಡಿ" ಎಂದರು. ಚೊಂಬು ಹಿಡಿದ ನನಗೆ ಬಂದದ್ದು ಅಳುವಲ್ಲ ಅವ್ವ, ಹೊಟ್ಟೆಕಿಚ್ಚು. ನಿನಗೆ ಬೋರ್ಡಿರಲಿಲ್ಲ, ಚೀಟಿ ಹಂಚಿದವಳಲ್ಲ, ಯಾರ ಮುಂದೆಯೂ ನಿನ್ನ ಕೈಗುಣವನ್ನು ನೀನು ಹೊಗಳಿಕೊಂಡವಳಲ್ಲ. ಇಷ್ಟು ಜನ ನಿನಗೆ ಎಲ್ಲಿಂದ ಬಂದರು?

ತಿಥಿಯ ಕೆಲಸ ಮುಗಿಸಿ ಸಿರಾಕ್ಕೆ ಬಂದೆ. ಚೆನ್ನಬಸಮ್ಮನ ಬೀದಿಯಲ್ಲೇ ಒಂದು ಹೆರಿಗೆಯಾಗಿತ್ತು, ಊರ ಹಳೆಯ ಸೂಲಗಿತ್ತಿಯನ್ನು ಕರೆದಿದ್ದರು. ಅದರ ಹಿಂದೆಯೇ ಇನ್ನೊಂದು, ಅದಕ್ಕೂ ಅವಳೇ. ಕಾಲು ಮುಂದಾದ ಕೂಸನ್ನು ಉಳಿಸಿದವಳು ನಾನು, ಕರೆ ಮಾತ್ರ ಅವಳಿಗೆ. ತಡೆಯಲಾಗದೆ ಚೆನ್ನಬಸಮ್ಮನ ಮನೆಗೇ ಹೋದೆ. ಅವಳು ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದಳು. ನನ್ನಲ್ಲಿ ಏನು ಕೊರತೆ ಕಂಡಿರಿ ಎಂದು ನೇರವಾಗಿ ಕೇಳಿದೆ.

"ಕೊರತೆ ಏನಿಲ್ಲ ಕಣಮ್ಮ. ಹೆರಿಗೆ ಮಾಡ್ಸಿದ್ದು ನೀನೇ, ಇಲ್ಲ ಅಂದ್ರೆ ಶಿವ ಮೆಚ್ಚಾಕಿಲ್ಲ" ಎಂದಳು. "ಆದ್ರೆ ನೀನು ಬಂದೆ, ಕೈ ತೊಳ್ಕಂಡೆ, ಹೋಗ್ಬುಟ್ಟೆ. ಬಾಗ್ಲು ಹಾಕ್ಕಂಡು ಮಾಡೋ ಕೆಲ್ಸ ಯಾರಿಗೆ ಕಾಣ್ತದೆ ಹೇಳು? ಬೀದಿ ಹೆಂಗಸ್ರೆಲ್ಲ ಕೂಸು ನೋಡಾಕೆ ಬರೋದು ನೀರು ಹಾಕೋ ಹೊತ್ನಾಗೆ. ಬಚ್ಚಲು ಬಾಗ್ಲಾಗೆ ಕುಂತು ನೋಡ್ತಾರೆ, ಯಾರ ಕೈ ಹೆಂಗೈತೆ, ಕೂಸ್ನ ಹೆಂಗೆ ಹಿಡೀತಾಳೆ, ಬಾಣಂತಿ ನಡು ನೋವು ಕೇಳ್ತಾಳಾ ಇಲ್ವಾ ಅಂತ. ಅಲ್ಲೇ ಕಣಮ್ಮ ಮುಂದಿನ್ ಬಸುರಿ ಯಾರ್ನ ಕರೀಬೇಕು ಅಂತ ಗೊತ್ತುಮಾಡ್ಕಳದು."

ಆಮೇಲೆ ಮೊರ ಬದಿಗಿಟ್ಟು ಇನ್ನೊಂದು ಹೇಳಿದಳು. "ನಿನ್ನ ಬೋರ್ಡು ನೋಡಿ ಕರೆದೆ ಅನ್ಕಂಡ್ಯಾ? ನನ್ ತವರು ಮಧುಗಿರಿ. ನನ್ನ ಬಾಣಂತನಕ್ಕೆಲ್ಲ ನೀರು ಹಾಕ್ದೋಳು ನಿಮ್ಮವ್ವ. ನಮ್ಮಣ್ಣನ ಕೈಲಿ ಹೇಳಿ ಕಳ್ಸಿದ್ಲು, ನನ್ ಮಗಳು ನಿಮ್ಮೂರಿಗೆ ಬಂದವ್ಳೆ, ಅವಳ್ನ ಕರೀರಿ, ಕೈ ಒಳ್ಳೇದೈತೆ. ನೀರು ಅವಳು ಹಾಕಾಕಿಲ್ಲ, ಹನ್ನೊಂದು ದಿನ ನಾನೇ ಬಂದು ಹಾಕ್ತೀನಿ ಅಂತ. ಕಾದ್ವಿ ಕಣಮ್ಮ. ಎರಡು ದಿನ ಕಾದ್ವಿ. ಆಮೇಕೆ ಈ ಊರೋಳ್ನ ಕರೆದ್ವಿ, ಅವಳು ಅರೆಬರೆ ಹುಯ್ದು ಓಡೋಗೋಳು. ನನ್ ಮಗಳು ಇವತ್ತಿಗೂ ನಡು ಹಿಡ್ಕಂಡು ಏಳ್ತಾಳೆ."

ಅವ್ವಾ, ನೀನು ಇದನ್ನು ನನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ, ಅದಕ್ಕಾ? ಕಂಡಕ್ಟರ ಕೈಲಿ ಹೇಳಿ ಕಳಿಸಿದ್ದು ನನ್ನ ಮುಖ ನೋಡಲಿಕ್ಕೋ, ಇಲ್ಲ ನಾನು ಏಳಲಾರೆ, ಅಲ್ಲಿ ನೀನೇ ಹೋಗಿ ನೀರು ಹಾಕು ಎಂದು ಹೇಳಲಿಕ್ಕೋ? ನಾನು ಆವತ್ತೇ ಬಸ್ಸು ಹತ್ತಿದ್ದರೆ ಅದಾದರೂ ಗೊತ್ತಾಗುತ್ತಿತ್ತು. ಈ ಪ್ರಶ್ನೆ ನನ್ನನ್ನು ಕೂರಲು ಬಿಡುವುದಿಲ್ಲ. ಅನ್ನದ ಮುಂದೆ ಕೂತಾಗ ಬರುತ್ತದೆ, ಬಾವಿಯಲ್ಲಿ ಹಗ್ಗ ಎಳೆಯುವಾಗ ಬರುತ್ತದೆ.

ಜೈನಾಬಿಯ ಸೊಸೆ ಹೆತ್ತಾಗ ನಾನಾಗಿ ಒಳಗೆ ಹೋಗಿ, ನೀರು ನಾನು ಹಾಕುತ್ತೇನೆ ಎಂದೆ. ಜೈನಾಬಿ ಹುಬ್ಬೇರಿಸಿದಳು. ಮೊದಲ ದಿನವೇ ಚೊಂಬೆತ್ತಿ ಹೊಯ್ಯಹೋದವಳ ಕೈ ಹಿಡಿದುಕೊಂಡಳು. "ಠೈರೋ, ಠೈರೋ. ಅಷ್ಟು ಗರಂ ನೀರು ಹಾಕಿ ಸಾಯ್ಸ್ತೀಯಾ ಬೇಟಿ? ಮೊಣಕೈ ಇಟ್ಟು ನೋಡು ಮೊದ್ಲು." ಸರ್ಟಿಫಿಕೇಟು ಪಡೆದವಳಿಗೆ ನೀರಿನ ಹದ ಗೊತ್ತಿರಲಿಲ್ಲ. ಕಾಲು ಚಾಚಿ ಕೂತರೆ ಕೂಸು ಜಾರುತ್ತಿತ್ತು. ಎಣ್ಣೆಯ ಕೈಯಲ್ಲಿ ಕೂಸಿನ ಕತ್ತು ಹಿಡಿಯುವುದು ಕಾಲು ಮುಂದಾದ ಹೆರಿಗೆಗಿಂತ ಕಷ್ಟ ಎಂದು ನಿನ್ನ ಹತ್ತಿರ ಒಪ್ಪಿಕೊಳ್ಳುತ್ತೇನೆ. ಐದನೆಯ ದಿನದ ಹೊತ್ತಿಗೆ ಪಕ್ಕದ ಮನೆಯ ಹೆಂಗಸರು ಬಂದು ಬಾಗಿಲಲ್ಲಿ ಕೂತರು. ನನ್ನ ಕೆಲಸದ ಬಗ್ಗೆ ನಾನೇನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬರೀ ನೋಡಿದರು. ಹತ್ತನೆಯ ದಿನ ಒಬ್ಬಳು ಸೆರಗು ಸರಿ ಮಾಡಿಕೊಂಡು, "ನಮ್ಮನೇಲೂ ಮುಂದಿನ್ ತಿಂಗ್ಳು ಐತೆ ಕಣಮ್ಮ" ಎಂದಳು. ನನ್ನ ಕಣ್ಣು ಉರಿಯಿತು. ಸಾಂಬ್ರಾಣಿ ಹೊಗೆ ಎಂದೆ.

ಪಂಡಿತರಿಗೂ ಈ ವಿದ್ಯೆ ಹೇಳಿಕೊಟ್ಟೆ. ಔಷಧ ಕೊಟ್ಟ ಮೂರನೆಯ ದಿನ ರೋಗಿಯ ಮನೆಗೆ ಹೋಗಿ ಹೇಗಿದ್ದೀರಿ ಎಂದು ಕೇಳಿಬನ್ನಿ ಎಂದೆ. "ಕರೆಯದೆ ವೈದ್ಯ ಹೋಗಬಾರದಮ್ಮ, ಅದು ಅಪಶಕುನ" ಎಂದು ಮುಖ ಸಿಂಡರಿಸಿದರು. ಆಮೇಲೆ ಮಜ್ಜಿಗೆ ಕೇಳುವ ನೆಪ ಮಾಡಿಕೊಂಡು ಹೋಗತೊಡಗಿದರು. ಈಗ ಅವರಿಗೆ ಶೀಷೆ ಒರೆಸಲು ಪುರುಸೊತ್ತಿಲ್ಲ, ಹೊಟ್ಟೆಯಲ್ಲಿ ಮಜ್ಜಿಗೆಗೆ ಜಾಗವಿಲ್ಲ.

ಯುಗಾದಿಗೆ ಅಣ್ಣ ಗಾಡಿ ತರಲೇ ಎಂದು ಹೇಳಿ ಕಳಿಸಿದ. ಬಿಡುವಿಲ್ಲ, ಎರಡು ಮನೆಯಲ್ಲಿ ನೀರು ನಡೆಯುತ್ತಿದೆ ಎಂದು ಬರೆದೆ. ಅತ್ತಿಗೆಗೆ ಆ ಕೈ ಸಿಗಲಿಲ್ಲ. ಇದೆಲ್ಲ ಆಗಿ ಮತ್ತೊಂದು ಯುಗಾದಿಯೂ ಕಳೆಯಿತು. ಚೆನ್ನಬಸಮ್ಮನ ಕಿರಿಯ ಮಗಳು ತವರಿಗೆ ಬಂದು ಹೆಣ್ಣು ಹೆತ್ತಳು, ಹೋದ ವಾರ ಅವಳ ಹನ್ನೊಂದು ದಿನ ಮುಗಿಸಿದೆ. ಮೊದಲ ದಿನ ಸೀರೆ ಮೇಲೆ ಕಟ್ಟಿ ಬಚ್ಚಲಿಗೆ ಇಳಿದಾಗ ಚೆನ್ನಬಸಮ್ಮ ಸುಮ್ಮನಿರುತ್ತಾಳೆಯೇ? "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ" ಎಂದು ಎಲ್ಲರನ್ನೂ ನಗಿಸಿದಳು. ಕೊನೆಯ ದಿನ ಮಾತ್ರ ಹತ್ತಿರ ಬಂದು ಮೆತ್ತಗೆ, "ನಿಮ್ಮವ್ವ ಕೊಟ್ಟ ಮಾತು ತೀರ್ತು ಬುಡು" ಎಂದಳು.

ಹೇಗೆ ತೀರುತ್ತದೆ? ನೀನು ಮಾತು ಕೊಟ್ಟದ್ದು ಹಿರಿಯ ಮಗಳಿಗೆ. ಊರವರಿಗೆಲ್ಲ ನೀರು ಹಾಕಿ ನಾನು ಹೆಸರು ಮಾಡಿಕೊಂಡೆ, ನನ್ನ ಅನ್ನ ನಾನು ದುಡಿದುಕೊಂಡೆ. ನನ್ನನ್ನು ಮೊದಲು ನಂಬಿ ಮಲಗಿದವಳು ಇವತ್ತಿಗೂ ನಡು ಹಿಡಿದುಕೊಂಡು ಏಳುತ್ತಾಳೆ. ಅವಳು ಪಾವಗಡದಲ್ಲಿ ಮತ್ತೆ ತುಂಬು ಬಸುರಿ, ಈ ಸಲ ಗಂಡನ ಮನೆಯಲ್ಲೇ ಹೆರಿಗೆಯಂತೆ. ಅಲ್ಲಿಂದ ನನಗೆ ಕರೆ ಬಂದಿಲ್ಲ, ಬರುವುದೂ ಇಲ್ಲ. ಅವರಿಗೆ ಅವರ ಊರಿನ ಮಂತ್ರಸಾನಿ ಇದ್ದಾಳೆ, ಸೂಲಗಿತ್ತಿಗೆ ಅಲ್ಲಿ ತೆಲುಗಿನಲ್ಲಿ ಹಾಗೆನ್ನುತ್ತಾರೆ. ಹೆರಿಗೆ ಅವಳೇ ಮಾಡಿಸಲಿ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಹರಳೆಣ್ಣೆ ಕಟ್ಟಿಕೊಂಡಿದ್ದೇನೆ. ಕತ್ತರಿಯ ಚೀಲ ಇಲ್ಲೇ ಇರುತ್ತದೆ. ಹೆರಿಗೆಯಾಗುವತನಕ ಕಾದು, ಆಮೇಲೆ ಹನ್ನೊಂದು ದಿನ ಅಲ್ಲೇ ಇದ್ದು ನೀರು ಹಾಕಿ ಬರುತ್ತೇನೆ. ಅಲ್ಲಿಯ ಹೆಂಗಸರು ಬಾಗಿಲಲ್ಲಿ ಅಡ್ಡ ನಿಂತು ನಿನ್ನನ್ನು ಯಾರು ಕರೆದರು ಎಂದು ಕೇಳಿಯೇ ಕೇಳುತ್ತಾರೆ. ನಮ್ಮವ್ವ ಕಳಿಸಿದಳು ಎನ್ನುತ್ತೇನೆ.